ಕಾಡು, ಕಾನು, ಅಡವಿ, ಬೆಟ್ಟ, ಹಾಡಿ: ನಿಮ್ಮ ಕಡೆ ಯಾವುದಕ್ಕೆ ಏನೆನ್ನುತ್ತಾರೆ?

ಅನುವಾದಕಿ, ಮೈಸೂರು

ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಪರಿಸರ ಕೈಪಿಡಿಯೊಂದರ ಕನ್ನಡ ಅನುವಾದ ನನ್ನ ಪಾಲಿಗೆ ಬಂದಿದೆ. ಮೂಲದಲ್ಲಿ ಫಾರೆಸ್ಟ್, ವುಡ್‌ಲ್ಯಾಂಡ್, ಗ್ರೋವ್, ಸ್ಕ್ರಬ್, ಜಂಗಲ್ ಎಂಬ ಐದು ಮಾತುಗಳು ಬೇರೆ ಬೇರೆ ಅರ್ಥದಲ್ಲಿ ಬರುತ್ತವೆ. ಹಿಂದೆ ಯಾರೋ ಮಾಡಿಟ್ಟಿರುವ ಕರಡಿನಲ್ಲಿ ಮೊದಲ ಮೂರಕ್ಕೂ ‘ಅರಣ್ಯ’ ಎಂದೇ ಬರೆದು, ಉಳಿದೆರಡಕ್ಕೆ ‘ಕುರುಚಲು ಅರಣ್ಯ’, ‘ದಟ್ಟಾರಣ್ಯ’ ಎಂದು ಹಾಕಿದ್ದಾರೆ. ಓದಿದರೆ ಅರಣ್ಯ ಇಲಾಖೆಯ ಸುತ್ತೋಲೆಯ ಹಾಗಿದೆಯೇ ಹೊರತು ಮಕ್ಕಳ ಪುಸ್ತಕದ ಹಾಗಿಲ್ಲ. ನಿಘಂಟಿನ ಮೊರೆಹೋದರೆ ಕಾಡು ಎಂದರೆ ಅರಣ್ಯ, ಅರಣ್ಯ ಎಂದರೆ ಅಡವಿ, ಅಡವಿ ಎಂದರೆ ಕಾಡು ಎಂದು ಸುತ್ತಿಸಿ ಹೊರಟಲ್ಲಿಗೇ ತಂದು ಬಿಡುತ್ತದೆ.

ಕನ್ನಡದಲ್ಲಿ ಮರಗಿಡಗಳಿರುವ ನೆಲಕ್ಕೆ ಇಷ್ಟೊಂದು ಹೆಸರುಗಳಿರುವಾಗ ಅವೆಲ್ಲ ಒಂದೇ ಅರ್ಥದವು ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಊರಿನಲ್ಲಿ ಯಾವ ನೆಲವನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ. ನನಗೆ ಬೇಕಿರುವುದು ಬಳಕೆಯ ಅರ್ಥ.

ಓದುಗ, ಬೆಂಗಳೂರು

ಇದರಲ್ಲಿ ಅಷ್ಟೇನೂ ತೊಡಕಿಲ್ಲ. ಕಾಡು ಅಚ್ಚಗನ್ನಡ, ಅರಣ್ಯ ಸಂಸ್ಕೃತ, ಅಡವಿ ಸಂಸ್ಕೃತದ ‘ಅಟವಿ’ಯ ತದ್ಭವ. ಅಮರಕೋಶವೇ ‘ಅಟವ್ಯರಣ್ಯಂ ವಿಪಿನಂ ಗಹನಂ ಕಾನನಂ ವನಂ’ ಎಂದು ಆರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ವ್ಯತ್ಯಾಸ ಬೇಕೇ ಬೇಕೆಂದರೆ ಗಾತ್ರದ ಮೇಲೆ ಜೋಡಿಸಿಕೊಳ್ಳಬಹುದು: ಎಲ್ಲಕ್ಕಿಂತ ದೊಡ್ಡದು ಅರಣ್ಯ, ಅದಕ್ಕಿಂತ ಚಿಕ್ಕದು ಕಾಡು, ಇನ್ನೂ ಚಿಕ್ಕದು ವನ, ಕೊನೆಗೆ ತೋಪು.

ತೋಟಿಗ, ಸಿದ್ದಾಪುರ (ಉತ್ತರ ಕನ್ನಡ)

ಮೇಲಿನವರು ಕೊಟ್ಟ ಗಾತ್ರದ ಲೆಕ್ಕ ಪರೀಕ್ಷೆಯ ಉತ್ತರಪತ್ರಿಕೆಗೆ ಸರಿಹೋದೀತು, ನಮ್ಮ ಕಡೆಯ ನೆಲಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ‘ಬೆಟ್ಟಕ್ಕೆ ಹೋದರು’ ಎಂದರೆ ಯಾರೂ ಗುಡ್ಡ ಹತ್ತಿದರು ಎಂದು ತಿಳಿಯುವುದಿಲ್ಲ. ಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಮರಗಳಿರುವ ಜಾಗ, ಅಂದರೆ ಸೊಪ್ಪಿನ ಬೆಟ್ಟ. ಅದು ಚಪ್ಪಟೆಯಾಗಿದ್ದರೂ ಬೆಟ್ಟವೇ. ಮುಂಬಯಿ ಆಡಳಿತದ ಕಾಲದಲ್ಲಿ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಇಂತಹ ಬೆಟ್ಟವನ್ನು ಬಿಟ್ಟುಕೊಡುವ ಕ್ರಮವಿತ್ತು. ನೆಲ ಸರ್ಕಾರದ್ದು, ಸೊಪ್ಪು ತೋಟದವನದು.

ಬೆಟ್ಟದ ಮರವನ್ನು ಒಮ್ಮೆ ನೋಡಿದವರು ಬೇರೆ ಕಾಡಿನ ಮರದೊಂದಿಗೆ ಅದನ್ನು ಬೆರೆಸಲಾರರು. ಮತ್ತಿ, ಹೊನ್ನೆ, ನೇರಳೆ ಯಾವುದೇ ಇರಲಿ, ಸುತ್ತಲಿನ ಕೊಂಬೆಗಳನ್ನು ಸವರಿ ಸವರಿ ಕಾಂಡವೆಲ್ಲ ಗಂಟುಗಂಟಾಗಿರುತ್ತದೆ, ತುದಿಯಲ್ಲಿ ಮಾತ್ರ ಒಂದು ಹಿಡಿ ಹಸಿರು ಉಳಿದಿರುತ್ತದೆ. ಕಡಿದ ಹಸಿಸೊಪ್ಪು ಹೊರೆಯಾಗಿ ಕೊಟ್ಟಿಗೆಗೆ ಬಂದು, ದನಗಳ ಕಾಲಡಿಯಲ್ಲಿ ಸಗಣಿ ಗಂಜಲದೊಂದಿಗೆ ಕಲಸಿ ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ಮರದ ಬುಡ ಸೇರುತ್ತದೆ. ಬೇಸಿಗೆಯಲ್ಲಿ ಉದುರಿದ ಒಣ ಎಲೆಗೆ ದರಕು ಎನ್ನುತ್ತೇವೆ, ಅದನ್ನು ಗುಡಿಸಿ ತರುವುದೂ ಬೆಟ್ಟದಿಂದಲೇ.

ಬ್ಯಾಣ ಎಂಬುದು ಬೇರೆ. ಅಲ್ಲಿ ಹುಲ್ಲು ಮುಖ್ಯ, ಮರ ಬಿಡಿಬಿಡಿಯಾಗಿ ಇದ್ದರೆ ಇರಲಿ ಎನ್ನುವಷ್ಟು. ಕಾನು ಎಂಬುದು ಇನ್ನೂ ಬೇರೆ: ವರ್ಷವಿಡೀ ಹಸಿರಾಗಿರುವ, ಒಳಗೆ ಬಿಸಿಲು ಬೀಳದ, ನೀರಿನ ಸೆಲೆಯಿರುವ ಕಾಡಿನ ತುಂಡು. ಊರಿನ ಹಳ್ಳಕ್ಕೆ ಬೇಸಿಗೆಯಲ್ಲಿಯೂ ನೀರು ಬರುತ್ತಿದ್ದರೆ ಅದು ಮೇಲಿನ ಕಾನಿನ ಕೃಪೆ ಎಂದು ಹಿರಿಯರು ಹೇಳುತ್ತಿದ್ದರು, ಹಾಗಾಗಿ ಕಾನಿಗೆ ಸೊಪ್ಪಿನ ಕತ್ತಿ ಹೋಗುತ್ತಿರಲಿಲ್ಲ. ಕಾನಿನೊಳಗೆ ನೀರು ನಿಂತು ಕೆಸರಾಗಿರುವ ಜಾಗ ಜಡ್ಡಿ, ಅಲ್ಲಿ ರಾಮಪತ್ರೆ ಮರಗಳಿದ್ದರೆ ರಾಮಪತ್ರೆ ಜಡ್ಡಿ. ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿರುವ ನಮ್ಮ ತಾಲ್ಲೂಕಿನ ಕತ್ತಲೆಕಾನು ಅಂಥದ್ದು. 2000ದಲ್ಲಿ ವಿಜ್ಞಾನಿಗಳು ಗೇರಿನ ಕುಟುಂಬಕ್ಕೆ ಸೇರಿದ ಹೊಸ ಮರವೊಂದಕ್ಕೆ ಹೆಸರಿಡುವಾಗ ಈ ಊರಿನ ಹೆಸರನ್ನೇ ತೆಗೆದುಕೊಂಡು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದರು.

ಈ ನಾಲ್ಕನ್ನೂ ‘ಅರಣ್ಯ’ ಎಂದು ಬರೆದರೆ ಮಕ್ಕಳಿಗೆ ಏನು ಉಳಿಯುತ್ತದೆ?

ಕುಂದಾಪ್ರದವ, ಈಗ ಮಸ್ಕತ್

ನಮ್ಮಲ್ಲಿ ಇವುಗಳ ಜಾಗದಲ್ಲಿ ‘ಹಾಡಿ’ ಇದೆ. ಮನೆಯ ಹಿಂದೆ, ಗದ್ದೆಯ ಅಂಚಿಗೆ, ಊರು ಮುಗಿದು ಇನ್ನೊಂದು ಊರು ತೊಡಗುವ ನಡುವೆ ಇರುವ ಮರಗಿಡಗಳ ಜಾಗವೇ ಹಾಡಿ. ಹುಲಿ ಇರುವಂಥದ್ದು ಹಾಡಿಯಲ್ಲ, ಅದು ಘಟ್ಟದ ಬುಡದ ಕಾಡು. ಹಾಡಿಗೆ ಮಕ್ಕಳು ಹಣ್ಣು ಹುಡುಕಲು ಹೋಗುತ್ತಾರೆ, ಹೆಂಗಸರು ಒಣಗಿದ ಎಲೆ ಗುಡಿಸಲು ಹೋಗುತ್ತಾರೆ, ಒಬ್ಬಂಟಿಯಾಗಿ ಹೋದರೂ ಯಾರೂ ಗದರುವುದಿಲ್ಲ. ಹಾಡಿಯ ಒಳಗೇ ಒಂದು ಮೂಲೆಯಲ್ಲಿ ನಾಗಬನ ಇರುವುದುಂಟು. ಬನಕ್ಕೆ ಹೋಗುವ ಕ್ರಮವೇ ಬೇರೆ. ಅಲ್ಲಿ ಬಿದ್ದ ಕೊಂಬೆಯನ್ನೂ ಮನೆಗೆ ಒಯ್ಯುವುದಿಲ್ಲ. ಎರಡರಲ್ಲಿಯೂ ಇರುವ ಮರಗಳು ಹೆಚ್ಚುಕಡಿಮೆ ಒಂದೇ ಜಾತಿಯವು, ಹೆಸರು ಮಾತ್ರ ಎರಡು.

ಮಂಗಳೂರಿನ ಕಡೆ ತುಳುವರು ‘ಗುಡ್ಡೆ’ ಎನ್ನುವುದರಲ್ಲಿಯೂ ಇದೇ ಅರ್ಥದ ಛಾಯೆಯಿದೆ. ದನ ಮೇಯುವ, ಸೊಪ್ಪು ತರುವ ಎತ್ತರದ ಜಾಗ ಗುಡ್ಡೆ. ಮುರಕಲ್ಲಿನ ಬಯಲು ಪದವು.

ಶಿಕ್ಷಕ, ಎಚ್.ಡಿ. ಕೋಟೆ

‘ಹಾಡಿ’ಯ ವಿಚಾರದಲ್ಲಿ ಅನುವಾದಕರು ಎಚ್ಚರದಿಂದಿರಬೇಕು. ನಮ್ಮ ತಾಲ್ಲೂಕಿನಲ್ಲಿ, ನಾಗರಹೊಳೆಯ ಸುತ್ತಮುತ್ತ ಮತ್ತು ಕೊಡಗಿನ ಅಂಚಿನಲ್ಲಿ ಹಾಡಿ ಎಂದರೆ ಜೇನುಕುರುಬರು, ಬೆಟ್ಟಕುರುಬರು, ಯರವರು ವಾಸಿಸುವ ಊರು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ವಿಳಾಸದ ಮುಂದೆ ನಾನು ಬರೆಯುವುದು ಇದೇ ಪದವನ್ನು. ಕುಂದಾಪುರದ ಮಗು ‘ಹಾಡಿಯಲ್ಲಿ ಆಟವಾಡಿದೆ’ ಎಂದರೆ ಮರಗಳ ನಡುವೆ ಎಂದರ್ಥ, ನಮ್ಮ ಮಗು ಹಾಗೆಂದರೆ ಮನೆಯ ಮುಂದೆ ಎಂದರ್ಥ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಊರಿಗೆ ಪೋಡು ಎನ್ನುತ್ತಾರೆ. ಅವರು ಕಾಡನ್ನು ಕಾನುಕಾಡು, ಮಲೆಕಾಡು, ನಾಡುಕಾಡು ಎಂದು ವಿಂಗಡಿಸುತ್ತಾರೆ. ಕಾನುಕಾಡು ತೇವದ, ಸದಾ ಹಸಿರಾಗಿರುವ ಕಾಡು. ನಾಡುಕಾಡು ಒಣಕಾಡು, ಎಲೆ ಉದುರಿಸುವಂಥದ್ದು. ನಾಡು ಮತ್ತು ಕಾಡು ಎಂದರೆ ಒಂದಕ್ಕೊಂದು ಎದುರು ಎಂದು ನಾವು ಪಾಠ ಹೇಳುತ್ತೇವೆ, ಅವರು ಎರಡನ್ನೂ ಕೂಡಿಸಿ ಒಂದು ಹೆಸರು ಮಾಡಿಕೊಂಡಿದ್ದಾರೆ. ಹಿಂದೆ ಇಂತಹ ಒಣಕಾಡಿನಲ್ಲಿ ಬೇಸಿಗೆಯ ಆರಂಭಕ್ಕೆ ನೆಲದ ಒಣ ಎಲೆಗೆ ಸಣ್ಣದಾಗಿ ಹಚ್ಚುತ್ತಿದ್ದ ಬೆಂಕಿಗೆ ತರಗುಬೆಂಕಿ ಎಂಬ ಹೆಸರಿತ್ತು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿ ನೆಲವೇ ಕಾಣದಂತಾಯಿತು ಎಂದು ಹಿರಿಯ ಸೋಲಿಗರು ಈಗಲೂ ವಾದಿಸುತ್ತಾರೆ.

ಧಾರವಾಡ ಸೀಮೆಯವ

ನಮ್ಮ ಕಡೆ ‘ಕಾಡು’ ಎಂಬ ಮಾತು ಬಾಯಿಗೆ ಬರುವುದು ಕಡಿಮೆ, ‘ಅಡವಿ’ ಬರುತ್ತದೆ. ಆದರೆ ಅಡವಿಯಲ್ಲಿ ಮರವಿರಲೇಬೇಕು ಎಂದೇನಿಲ್ಲ. ಊರಿನ ಮನೆಗಳು ಮುಗಿದ ಮೇಲೆ ಬರುವ ಹೊಲ, ಹಳ್ಳ, ದಿಬ್ಬ, ಜಾಲಿಗಿಡದ ಬಯಲು ಎಲ್ಲವೂ ಅಡವಿಯೇ. ‘ಅಡವಿಯ ಪಾಲಾದ’ ಎಂದರೆ ಮರಗಳ ನಡುವೆ ಸಿಕ್ಕಿಕೊಂಡ ಎಂದಲ್ಲ, ದಿಕ್ಕಿಲ್ಲದವನಾದ ಎಂದು. ಬೆಳಗಾವಿಯ ಕಡೆ ಅಡವಿಸಿದ್ಧೇಶ್ವರನ ಹೆಸರಿನ ಮಠಗಳಿವೆ, ಅಲ್ಲಿಯೂ ಅಡವಿ ಎಂದರೆ ಊರಿನ ಸಂಗವನ್ನು ತೊರೆದ ಜಾಗವೆಂದೇ ನಾನು ಅರ್ಥಮಾಡಿಕೊಂಡಿದ್ದೇನೆ.

ಮರಾಠಿಯ ‘ರಾನ್’ ಪದಕ್ಕೂ ಇದೇ ಗುಣವಿದೆ, ಅದು ಹೊಲವೂ ಹೌದು ಕಾಡೂ ಹೌದು. ‘ಅರಣ್ಯ’ವೇ ಪ್ರಾಕೃತದ ಬಾಯಿಯಲ್ಲಿ ಸವೆದು ‘ರಾನ್’ ಆಯಿತು. ನಮ್ಮ ಊರುಗಳ ದನ ಮೇಯಿಸುವ ನೆಲಕ್ಕಿರುವ ‘ಗಾಯರಾಣ’ ಎಂಬ ಹೆಸರಿನಲ್ಲಿ ಅದೇ ರಾನ್ ಕುಳಿತಿದೆ. ಹಳೆ ಮೈಸೂರಿನವರು ಗೋಮಾಳ ಎನ್ನುವುದಕ್ಕೆ ನಾವು ಗಾಯರಾಣ ಎನ್ನುತ್ತೇವೆ.

ಹಳಗನ್ನಡದ ವಿದ್ಯಾರ್ಥಿ

ಧಾರವಾಡದವರ ಮಾತು ಚರ್ಚೆಯ ಮರ್ಮಕ್ಕೆ ಹತ್ತಿರ ಬಂದಿದೆ. ‘ಕಾಡು’ ಎಂಬುದಕ್ಕೂ ಮೊದಲಿನಿಂದ ಮರಗಳ ಗುಂಪು ಎಂಬ ಅರ್ಥ ಮಾತ್ರ ಇಲ್ಲ. ‘ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ’ ಎಂಬ ಗಾದೆಯಲ್ಲಿ ಕರೆಯುತ್ತಿರುವುದು ಆನೆ ಹುಲಿಗಳ ಕಾಡಲ್ಲ, ಸುಡುಗಾಡು. ಸುಡುವ ಕಾಡು ಸುಡುಗಾಡು, ಅಲ್ಲಿ ಒಂದು ಮರವೂ ಇರಬೇಕಿಲ್ಲ. ತಮಿಳಿನಲ್ಲಿಯೂ ಸ್ಮಶಾನಕ್ಕೆ ಇದೇ ಜೋಡಿಪದವಿದೆ, ಅಷ್ಟೇ ಅಲ್ಲದೆ ಕೊಯಮತ್ತೂರು ಸೀಮೆಯ ರೈತ ತನ್ನ ಮಳೆಯಾಶ್ರಿತ ಹೊಲವನ್ನೇ ‘ಕಾಡು’ ಎನ್ನುತ್ತಾನೆ. ಊರಲ್ಲದ್ದು ಕಾಡು ಎಂಬುದೇ ಹಳೆಯ ಅರ್ಥವಾಗಿದ್ದಿರಬಹುದು ಎಂದು ನನಗೆ ತೋರುತ್ತದೆ. ‘ಕಾಡುಹರಟೆ’ಯಲ್ಲಿಯೂ, ‘ಕಾಡುಪಾಪ’, ‘ಕಾಡುಹಂದಿ’ಗಳಲ್ಲಿಯೂ ಅದು ಪಳಗದ್ದು, ಕಟ್ಟಿಗೆ ಒಳಪಡದ್ದು ಎಂಬ ಅರ್ಥವನ್ನು ಕೊಡುತ್ತದೆ. ಬೆಂಗಳೂರಿನ ಕಾಡುಮಲ್ಲೇಶ್ವರನಿಗೆ ಮಾತ್ರ ಈಗ ಸುತ್ತಲೂ ಊರೇ ಊರು.

ಸಂಸ್ಕೃತದ ‘ಅರಣ್ಯ’ವೂ ಹಾಗೆಯೇ. ಅದರ ಬೇರು ‘ಅರಣ’, ಎಂದರೆ ದೂರದ, ಪರಕೀಯವಾದ. ಇಂಗ್ಲಿಷರ ‘ಫಾರೆಸ್ಟ್’ ಕೂಡ ಲ್ಯಾಟಿನ್ನಿನ ‘ಹೊರಗೆ’ ಎಂಬ ಅರ್ಥದ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅದು ಅರಸನ ಬೇಟೆಗಾಗಿ ಕಾಯ್ದಿಟ್ಟ, ವಿಶೇಷ ಕಾನೂನಿಗೆ ಒಳಪಟ್ಟ ನೆಲದ ಹೆಸರಾಗಿತ್ತು. ಅದರಲ್ಲಿ ಬಯಲೂ ಹಳ್ಳಿಗಳೂ ಸೇರಿದ್ದವು. 1217ರಲ್ಲಿ ಅಲ್ಲಿನ ಜನ ಈ ಕಾನೂನಿನ ಬಿಗಿಯನ್ನು ಸಡಿಲಿಸುವ ಸನ್ನದನ್ನೇ ಪಡೆದರು. ಆದ್ದರಿಂದ ಫಾರೆಸ್ಟ್ ಎಂದರೆ ಮರ, ಮರ ಎಂದರೆ ಫಾರೆಸ್ಟ್ ಎಂಬ ಸಮೀಕರಣ ಆ ಭಾಷೆಗೂ ಮೂಲದಲ್ಲಿ ಇರಲಿಲ್ಲ.

‘ಜಂಗಲ್’ ಬಗ್ಗೆಯೂ ಹೇಳಬೇಕು. ಆಯುರ್ವೇದದ ಗ್ರಂಥಗಳು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಂಗಡಿಸುತ್ತವೆ. ಆನೂಪ ಜವುಗಿನ ದೇಶ. ಜಾಂಗಲವಾದರೋ ನೀರು ಕಡಿಮೆಯಿರುವ, ಗಾಳಿ ಬೀಸುವ, ವಿರಳ ಮರಗಳ, ಜಿಂಕೆಗಳು ಓಡಾಡುವ ಬಯಲು. ಅದೇ ಪದ ಹಿಂದುಸ್ತಾನಿಯ ಮೂಲಕ ಇಂಗ್ಲಿಷಿಗೆ ಹೋಗಿ, ಕೈಯಾಡದಷ್ಟು ದಟ್ಟವಾದ ಮಳೆಕಾಡಿನ ಅರ್ಥವನ್ನು ಹೊತ್ತು ಹಿಂತಿರುಗಿತು. ಕೈಪಿಡಿಯಲ್ಲಿ ಇದಕ್ಕೆ ಒಂದು ಚೌಕಟ್ಟಿನಷ್ಟು ಜಾಗ ಕೊಟ್ಟರೆ ಮಕ್ಕಳು ಖುಷಿಪಟ್ಟಾರು.

ಸಿದ್ದಾಪುರದವರ ಕಾನು ಹಳೆಯ ದ್ರಾವಿಡ ಪದ, ತಮಿಳಿನಲ್ಲಿಯೂ ‘ಕಾನ್’, ‘ಕಾನಂ’ ಇವೆ. ಸಂಸ್ಕೃತದ ‘ಕಾನನ’ವೇ ಇಲ್ಲಿಂದ ಹೋದದ್ದಿರಬಹುದು ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ಅಮರಕೋಶದ ಆರು ಪದಗಳನ್ನು ಪದ್ಯಕ್ಕಾಗಿ ಒಟ್ಟಿಗೆ ಜೋಡಿಸಿದ್ದಾರೆ ಎಂದ ಮಾತ್ರಕ್ಕೆ ಅವು ಹುಟ್ಟಿನಿಂದ ಒಂದೇ ಎನ್ನಲಾಗದು.

ನಿವೃತ್ತ ಕಂದಾಯ ನೌಕರ, ಪುತ್ತೂರು

ಭಾಷೆಯ ವಿದ್ವಾಂಸರು ಹೇಳುವುದು ಸರಿ. ಆದರೆ ಈ ಪದಗಳ ನಿಜವಾದ ನಿಘಂಟು ಕಂದಾಯ ಕಾನೂನಿನಲ್ಲಿದೆ ಎಂದು ಹೇಳಲು ಅನುಮತಿ ಕೊಡಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವನ್ನು ತೆರೆದು ನೋಡಿದರೆ ಇಲ್ಲಿ ಮಾತಾಡಿದ ಪದಗಳು ಸಾಲಾಗಿ ಸಿಗುತ್ತವೆ. ದಕ್ಷಿಣ ಕನ್ನಡಕ್ಕೆ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡಕ್ಕೆ ಬೆಟ್ಟ ಮತ್ತು ಹಾಡಿ. ಮೈಸೂರು ಪ್ರದೇಶಕ್ಕೆ ಕಾನು ಮತ್ತು ಸೊಪ್ಪಿನ ಬೆಟ್ಟ. ಕೊಡಗಿಗೆ ಜಮ್ಮಾ ಮತ್ತು ಬಾಣೆ. ರೂಢಿಯಿಂದಲೋ ಆಜ್ಞೆಯಿಂದಲೋ ಈ ನೆಲಗಳ ಮೇಲೆ ಜನರು ಅನುಭವಿಸಿಕೊಂಡು ಬಂದ ಸವಲತ್ತುಗಳು ಮುಂದುವರಿಯುತ್ತವೆ ಎಂಬುದು ಅದರ ತಾತ್ಪರ್ಯ. ಮದರಾಸು, ಮುಂಬಯಿ, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ನಾಡು ಒಂದಾದಾಗ, ಈ ಹೆಸರುಗಳಿಗೆ ಒಂದು ಸಾಮಾನ್ಯ ಕನ್ನಡ ಪದವನ್ನು ಕಾನೂನು ಬರೆದವರು ಹುಡುಕಲಿಲ್ಲ, ಇದ್ದದ್ದನ್ನು ಇದ್ದಂತೆಯೇ ಬರೆದುಕೊಂಡರು. ನನ್ನ ದೃಷ್ಟಿಯಲ್ಲಿ ಅದು ಬುದ್ಧಿವಂತಿಕೆಯ ಕೆಲಸ, ಏಕೆಂದರೆ ಬೆಟ್ಟ ಎಂದೊಡನೆ ಸೊಪ್ಪಿನ ಹಕ್ಕು, ಕುಮ್ಕಿ ಎಂದೊಡನೆ ವರ್ಗದಾರನ (ಪಕ್ಕದ ಜಮೀನಿನ ಹಿಡುವಳಿದಾರನ) ಹಕ್ಕು ತಾನಾಗಿಯೇ ತಿಳಿಯುತ್ತದೆ.

ಕುಮ್ಕಿ ಎಂದರೆ ಕದೀಂ ವರ್ಗ (ಹಳೆಯ ಕಾಲದಿಂದ ಬಂದ ಹಿಡುವಳಿ) ಜಮೀನಿನ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ನೆಲ. ಸೊಪ್ಪು, ಸೌದೆ, ಮೇವಿಗೆ ವರ್ಗದಾರ ಅದನ್ನು ಬಳಸಬಹುದು, ಮಾರುವ ಹಾಗಿಲ್ಲ. ಪದ ಪಾರಸಿಯಿಂದ ಬಂದದ್ದು, ಕುಮಕು ಎಂದರೆ ನೆರವು. ಕೃಷಿಗೆ ನೆರವಾಗುವ ನೆಲ ಕುಮ್ಕಿ. ಪೊಲೀಸರ ವರದಿಯಲ್ಲಿ ಬರುವ ‘ಕುಮ್ಮಕ್ಕು’ ಇದರ ಒಡಹುಟ್ಟು. ಕುಮ್ಕಿಗೂ ಕುಮರಿಗೂ ಸಂಬಂಧವಿಲ್ಲ, ಕುಮರಿ ಎಂದರೆ ಕಾಡು ಕಡಿದು ಸುಟ್ಟು ಕೆಲವು ವರ್ಷ ಬೆಳೆ ತೆಗೆದು ಬಿಟ್ಟುಹೋಗುವ ಬೇಸಾಯ. ಇಷ್ಟು ವರ್ಷ ಕಚೇರಿಯಲ್ಲಿ ಕುಳಿತು ನೋಡಿದ್ದೇನೆ, ಇವೆರಡನ್ನೂ ಒಂದೆಂದು ತಿಳಿದು ಅರ್ಜಿ ಬರೆಯುವವರು ಬಹಳ.

ಇನ್ನು ‘ಖರಾಬು’. ಪಹಣಿಯಲ್ಲಿ ಒಂದು ಸರ್ವೆ ನಂಬರಿನ ವಿಸ್ತೀರ್ಣದ ಕೆಳಗೆ ‘ಅ ಖರಾಬು’, ‘ಬ ಖರಾಬು’ ಎಂದು ಕಳೆದಿರುತ್ತಾರೆ. ಮೊದಲನೆಯದು ಸಾಗುವಳಿಗೆ ಬಾರದ್ದು, ಎರಡನೆಯದು ದಾರಿ, ಹಳ್ಳ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು. ಎಷ್ಟೋ ಕಡೆ ಊರಿನ ಅತ್ಯುತ್ತಮ ಮರಗಳಿರುವುದು ಈ ‘ಕೆಟ್ಟ’ ನೆಲದಲ್ಲಿ. ಕಂದಾಯ ಹುಟ್ಟದಿದ್ದರೆ ಸರ್ಕಾರದ ಲೆಕ್ಕದಲ್ಲಿ ನೆಲ ಕೆಟ್ಟದ್ದೇ.

ಉಪಗ್ರಹ ಚಿತ್ರಗಳ ಕೆಲಸಗಾರ, ಬೆಂಗಳೂರು

ಹೆಸರುಗಳ ಇತಿಹಾಸ ಸ್ವಾರಸ್ಯವಾಗಿದೆ, ಆದರೆ ಅಳೆಯುವವರಿಗೆ ಒಂದು ಖಚಿತ ವ್ಯಾಖ್ಯಾನ ಬೇಕು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯಲ್ಲಿ ಕನಿಷ್ಠ ಒಂದು ಹೆಕ್ಟೇರ್ ವಿಸ್ತಾರವಿದ್ದು, ಮರಗಳ ನೆತ್ತಿ ಶೇ. 10ರಷ್ಟಾದರೂ ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಶೇ. 70ಕ್ಕಿಂತ ಹೆಚ್ಚಾದರೆ ಅತಿ ದಟ್ಟ, 40ರಿಂದ 70 ಮಧ್ಯಮ ದಟ್ಟ, 10ರಿಂದ 40 ತೆರೆದ ಅರಣ್ಯ, 10ಕ್ಕಿಂತ ಕಡಿಮೆಯಾದರೆ ಕುರುಚಲು. ಯಾರ ಜಮೀನು, ಯಾವ ಜಾತಿಯ ಮರ ಎಂಬುದನ್ನು ನೋಡುವುದಿಲ್ಲ. ಅನುವಾದಕರು ಇದನ್ನೇ ಆಧಾರವಾಗಿಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಕಾಫಿ ಬೆಳೆಗಾರ್ತಿ, ಮಡಿಕೇರಿ

ಯಾವ ಜಾತಿಯ ಮರ ಎಂಬುದನ್ನು ನೋಡುವುದಿಲ್ಲ ಎಂದಿರಲ್ಲ, ಅಲ್ಲಿಯೇ ನನ್ನ ತಕರಾರು. ನನ್ನ ತೋಟದ ನೆರಳಿನ ಮರಗಳು ಮೇಲಿನಿಂದ ನೋಡಿದರೆ ದಟ್ಟವಾಗಿಯೇ ಕಾಣುತ್ತವೆ, ಕೆಳಗೆ ಇರುವುದು ಕಾಫಿ. ಹತ್ತು ಹೆಜ್ಜೆ ಆಚೆಗೆ ದೇವರಕಾಡು ಇದೆ, ಅಲ್ಲಿ ಮರದ ಮೇಲೆ ಮರ, ಬಳ್ಳಿಯ ಮೇಲೆ ಬಳ್ಳಿ. ನಿಮ್ಮ ಚಿತ್ರದಲ್ಲಿ ಎರಡಕ್ಕೂ ಒಂದೇ ಹಸಿರು. ಕೊಡಗಿನಲ್ಲಿ ದಾಖಲೆಯಲ್ಲಿರುವ ದೇವರಕಾಡುಗಳು ಸಾವಿರದ ಇನ್ನೂರಕ್ಕೂ ಹೆಚ್ಚು, ಹೆಚ್ಚಿನವು ಕೆಲವೇ ಎಕರೆಯವು. ಅವುಗಳ ಅಂಚು ಒಂದು ಸಾಲು ಕಾಫಿಗಿಡದಷ್ಟು ಒಳಗೆ ಸರಿದರೆ ಉಪಗ್ರಹಕ್ಕೆ ಗೊತ್ತಾಗುವುದಿಲ್ಲ, ಊರಿನವರಿಗೆ ಗೊತ್ತಾಗುತ್ತದೆ.

ನಮ್ಮಲ್ಲಿ ಬಾಣೆ ಎಂದರೆ ಭತ್ತದ ಗದ್ದೆಗೆ ಜೊತೆಯಾಗಿ ಕೊಟ್ಟ ಮರಗಾಡು. ಸೌದೆ, ಮೇವು, ಗೊಬ್ಬರ, ಮನೆಕಟ್ಟುವ ಮರ ಅಲ್ಲಿಂದ ಬರಬೇಕು ಎಂಬುದು ಉದ್ದೇಶ. ಬಾಣೆಯಲ್ಲಿ ಕಾಫಿ ಬಂದ ಮೇಲೆ ಹೆಸರು ದಾಖಲೆಯಲ್ಲಿ ಉಳಿಯಿತು, ಬಾಯಲ್ಲಿ ಅದು ‘ತೋಟ’ವಾಯಿತು. ನನ್ನ ಅತ್ತೆಯವರು ಈಗಲೂ ಮೇಲಿನ ತುಂಡಿಗೆ ಬಾಣೆ ಎಂದೇ ಹೇಳುತ್ತಾರೆ.

ಉಪಗ್ರಹ ಚಿತ್ರಗಳ ಕೆಲಸಗಾರ, ಬೆಂಗಳೂರು

ಮೇಡಂ, ನಿಮ್ಮ ಆಕ್ಷೇಪ ಹೊಸದಲ್ಲ, ಅದರಲ್ಲಿ ಹುರುಳೂ ಇದೆ. ‘ಅರಣ್ಯ ಹೊದಿಕೆ’ ಬೇರೆ, ‘ಅರಣ್ಯ ಪ್ರದೇಶ’ ಬೇರೆ ಎಂದು ವರದಿಯೇ ಹೇಳುತ್ತದೆ. ಮೊದಲನೆಯದು ಕಾಣುವುದು, ಎರಡನೆಯದು ದಾಖಲೆಯದು. ಪತ್ರಿಕೆಗಳು ಎರಡನ್ನೂ ‘ಕಾಡು’ ಎಂದು ಬರೆದು ಕಾಡು ಹೆಚ್ಚಿತು ಎಂದು ಶೀರ್ಷಿಕೆ ಕೊಡುತ್ತವೆ. ಆದರೆ ಇಡೀ ದೇಶವನ್ನು ಎರಡು ವರ್ಷಕ್ಕೊಮ್ಮೆ ಅಳೆಯಬೇಕಾದಾಗ ಪ್ರತಿ ಊರಿನ ಬಾಣೆ, ಬ್ಯಾಣಗಳನ್ನು ಬಿಡಿಸಿ ನೋಡುವುದು ಸಾಧ್ಯವೇ ಎಂದು ಯೋಚಿಸಿ.

ಕುರಿಗಾಹಿಗಳ ಮಗ, ಚಳ್ಳಕೆರೆ

ಮರದ ನೆತ್ತಿಯನ್ನು ಎಣಿಸುವ ಲೆಕ್ಕದಲ್ಲಿ ನಮ್ಮ ‘ಕಾವಲು’ ಎಲ್ಲಿಗೆ ಸೇರುತ್ತದೆ? ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳಿಗೆ ಅಮೃತಮಹಲ್ ಕಾವಲು ಎಂದು ಹೆಸರು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಅವು ಹರಡಿವೆ. ಅಲ್ಲಿ ಮರ ಕಡಿಮೆ, ಆದರೆ ತೋಳ, ಕೃಷ್ಣಮೃಗ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಇದ್ದವು. ಹೊರಗಿನಿಂದ ಬಂದವರ ಕಣ್ಣಿಗೆ ಅದು ಬರಡು ನೆಲ. ಹಾಗೆ ಕಂಡದ್ದರಿಂದಲೇ ನಮ್ಮ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ನೆಲ ಯಾರದು ಎಂಬ ವಾದ ಹಸಿರು ನ್ಯಾಯಮಂಡಳಿಯವರೆಗೆ ಹೋದಾಗ ಕಾವಲು ಎಂಬುದು ಕಾಡೇ ಅಲ್ಲವೇ ಎಂಬ ಪ್ರಶ್ನೆಯೇ ಮುಂದೆ ಬಂತು.

ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿದ್ದ ಬಯಲಿಗೆ ನೀಲಗಿರಿ ಗಿಡ ನೆಟ್ಟು ‘ಅರಣ್ಯೀಕರಣ’ ಎಂದರು. ಹೆಬ್ಬಕ, ನಮ್ಮ ಕಡೆಯವರ ಎರ್ಲಡ್ಡು, ಅಂಥ ಮರದ ಸಾಲಿನಲ್ಲಿ ಬದುಕುವ ಹಕ್ಕಿಯಲ್ಲ. ಅರಣ್ಯ ಎಂದರೆ ಮರ ಎಂದು ಪುಸ್ತಕದಲ್ಲಿ ಓದಿದವರು ಇನ್ನೇನು ಮಾಡಿಯಾರು?

ವಕೀಲ, ಶಿವಮೊಗ್ಗ

ಕಾನೂನಿನಲ್ಲಿ ‘ಅರಣ್ಯ’ದ ಅರ್ಥದ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿಯೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿಯೂ ಅರಣ್ಯ ಎಂದರೆ ಏನು ಎಂಬ ವ್ಯಾಖ್ಯಾನವೇ ಇರಲಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು, ಒಡೆತನ ಯಾರದೇ ಇರಲಿ ಎಂದಿತು. ಅನುವಾದಕಿಯವರನ್ನು ಸುತ್ತಿಸಿದ ಅದೇ ನಿಘಂಟು ಹೀಗೆ ದೇಶದ ಕಾನೂನಾಯಿತು. ರಾಜ್ಯಗಳು ಸಮಿತಿ ಮಾಡಿ ಅಂತಹ ನೆಲವನ್ನು ಗುರುತಿಸಬೇಕಾಯಿತು. ಅದೇ ‘ಡೀಮ್ಡ್ ಫಾರೆಸ್ಟ್’, ಸರ್ಕಾರಿ ಕನ್ನಡದಲ್ಲಿ ಪರಿಭಾವಿತ ಅರಣ್ಯ.

ಕರ್ನಾಟಕದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಪಟ್ಟಿಮಾಡಿದ್ದನ್ನು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ಕೈಬಿಟ್ಟ ಆರು ಲಕ್ಷಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ಮರ ಕಡಿದು ಹೋದದ್ದರಿಂದ ಅದು ಇಳಿಯಲಿಲ್ಲ, ಪದದ ಎಲ್ಲೆ ಬದಲಾದದ್ದರಿಂದ ಇಳಿಯಿತು. ನಮ್ಮ ಜಿಲ್ಲೆಯ ಎಷ್ಟೋ ಸೊಪ್ಪಿನ ಬೆಟ್ಟ, ಕಾನುಗಳು ಈ ಎಳೆದಾಟದ ನಡುವೆ ಸಿಕ್ಕಿವೆ. ಒಂದು ಕಡೆ, ಡೀಮ್ಡ್ ಎಂದರೆ ಅಜ್ಜನ ಕಾಲದಿಂದ ಸೊಪ್ಪು ತಂದ ರೈತ ಅತಿಕ್ರಮಣದಾರನಾಗುತ್ತಾನೆಂಬ ಭಯ. ಇನ್ನೊಂದು ಕಡೆ, ಪಟ್ಟಿಯಿಂದ ಬಿಟ್ಟರೆ ನಾಳೆ ಯಾರೋ ಲೇಔಟ್ ಮಾಡುತ್ತಾರೆಂಬ ಭಯ. ಎರಡೂ ನಿಜ. 2023ರಲ್ಲಿ ಕೇಂದ್ರವು ಕಾಯ್ದೆಗೆ ತಿದ್ದುಪಡಿ ತಂದು ಅಧಿಸೂಚಿತ ಮತ್ತು ದಾಖಲಿತ ಅರಣ್ಯಕ್ಕೆ ಅರ್ಥವನ್ನು ಸೀಮಿತಗೊಳಿಸಲು ಹೊರಟಾಗ, 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸದ್ಯಕ್ಕೆ ನಿಘಂಟಿನ ಅರ್ಥವನ್ನೇ ಪಾಲಿಸಿ ಎಂದು ಮಧ್ಯಂತರ ಆದೇಶ ಕೊಟ್ಟಿತು.

ನನ್ನ ಅಭಿಪ್ರಾಯ ಕೇಳುವುದಾದರೆ, ತಪ್ಪು ನ್ಯಾಯಾಲಯದ್ದಲ್ಲ. ಹತ್ತು ಬಗೆಯ ನೆಲಕ್ಕೆ ಹತ್ತು ಹೆಸರಿದ್ದ ಭಾಷೆಯ ಜನ ಸಮಿತಿಯಲ್ಲಿ ಕುಳಿತು ಒಂದೇ ಕಲಂ ತುಂಬಿಸಿದರಲ್ಲ, ಅದು ತಪ್ಪು.

ತೋಟಿಗ, ಸಿದ್ದಾಪುರ (ಉತ್ತರ ಕನ್ನಡ)

ವಕೀಲರ ಮಾತಿಗೆ ಒಂದು ಹಳೆಯ ನಿದರ್ಶನ ಸೇರಿಸುತ್ತೇನೆ. ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಬ್ರಾಂಡಿಸ್ ಮತ್ತು ಗ್ರಾಂಟ್ ಇಬ್ಬರೂ ಸೇರಿ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ವರದಿ ಬರೆದಿದ್ದರು. ಆ ಜರ್ಮನ್ ಮನುಷ್ಯ ಕಾನು ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಸಮನಾದದ್ದನ್ನು ಹುಡುಕದೆ ಹಾಗೆಯೇ ಬಳಸಿದ. ಕಾನಿನಲ್ಲಿ ಮೆಣಸಿನ ಬಳ್ಳಿಯಿತ್ತು, ಬೈನೆ ಮರವಿತ್ತು, ಅವುಗಳಿಗೆ ಕಂದಾಯ ಕಟ್ಟುವ ಊರಿನವರಿದ್ದರು. ಕಾಡೂ ಹೌದು ಬೆಳೆಯೂ ಹೌದು ಎಂಬಂತಹ ನೆಲವನ್ನು ಫಾರೆಸ್ಟ್ ಎಂದೋ ಪ್ಲಾಂಟೇಶನ್ ಎಂದೋ ಬರೆದಿದ್ದರೆ ಅರ್ಧ ಸತ್ಯ ತಪ್ಪಿಹೋಗುತ್ತಿತ್ತು.

ಓದುಗ, ಬೆಂಗಳೂರು

ನಿಮ್ಮೆಲ್ಲರ ವಾದ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಿದ್ದಾಪುರದ ‘ಬೆಟ್ಟ’ ಚಾಮರಾಜನಗರದ ಮಗುವಿಗೆ ಗುಡ್ಡವಾಗಿ ತೋರುತ್ತದೆ, ಕುಂದಾಪುರದ ‘ಹಾಡಿ’ ಕೋಟೆಯ ಮಗುವಿಗೆ ಊರಾಗಿ ತೋರುತ್ತದೆ. ರಾಜ್ಯಕ್ಕೆಲ್ಲ ಒಂದು ಪುಸ್ತಕ ಮಾಡುವಾಗ ಯಾರ ಕನ್ನಡವನ್ನು ಹಾಕುವುದು? ‘ಅರಣ್ಯ’ ಯಾರ ಮನೆಯ ಮಾತೂ ಅಲ್ಲದ್ದರಿಂದಲೇ ಎಲ್ಲರಿಗೂ ಸಮಾನವಾಗಿ ತಿಳಿಯುತ್ತದೆ. ಅದೂ ಒಂದು ಅನುಕೂಲವೇ.

ಅನುವಾದಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಇಷ್ಟು ವಿವರ ಬರುತ್ತದೆಂದು ನಿರೀಕ್ಷಿಸಿರಲಿಲ್ಲ. ಬೆಂಗಳೂರಿನ ಓದುಗರ ಪ್ರಶ್ನೆ ನ್ಯಾಯವಾದದ್ದು. ನಾನು ಈಗ ಹೀಗೆ ಮಾಡುವುದೆಂದಿದ್ದೇನೆ. ಇಲಾಖೆ, ಕಾಯ್ದೆ, ಗಡಿಕಲ್ಲು, ಅಂಕಿಅಂಶಗಳ ಸಂದರ್ಭದಲ್ಲಿ ಮಾತ್ರ ‘ಅರಣ್ಯ’. ಪ್ರಾಣಿ, ಮರ, ಮಳೆ, ಜನಜೀವನದ ಪಾಠಗಳಲ್ಲಿ ‘ಕಾಡು’. ಕಾನು, ಸೊಪ್ಪಿನ ಬೆಟ್ಟ, ಕಾವಲು, ಬಾಣೆಗಳನ್ನು ಅನುವಾದಿಸದೆ ಅವುಗಳ ಜಿಲ್ಲೆಯ ಹೆಸರಿನೊಂದಿಗೆ ಹಾಗೆಯೇ ಇಟ್ಟು, ಅಲ್ಲಿ ಯಾರು ಏನು ಮಾಡುತ್ತಾರೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಹೇಳುವುದು. ‘ಸ್ಕ್ರಬ್’ಗೆ ಕುರುಚಲು ಸಾಕು, ಅದರ ಬಾಲಕ್ಕೆ ಅರಣ್ಯ ಬೇಡ. ‘ವುಡ್‌ಲ್ಯಾಂಡ್’ಗೆ ‘ನಡುವೆ ಹುಲ್ಲು ಬೆಳೆಯುವ ಬಿಡಿಮರಗಳ ಕಾಡು’ ಎಂದು ಬಿಡಿಸಿ ಬರೆಯುತ್ತೇನೆ. ಸೋಲಿಗರ ನಾಡುಕಾಡನ್ನು ಪಕ್ಕದಲ್ಲಿ ಉದಾಹರಣೆಯಾಗಿ ಕೊಡಬಹುದೇ ಎಂದು ಕೋಟೆಯ ಗುರುಗಳು ತಿಳಿಸಬೇಕು.

ಉಳಿದಿರುವುದು ‘ಗ್ರೋವ್’. ತೋಪು ಎನ್ನಲೇ, ಬನ ಎನ್ನಲೇ?

ಶಿಕ್ಷಕ, ಎಚ್.ಡಿ. ಕೋಟೆ

ಉದಾಹರಣೆ ಕೊಡಿ, ಆದರೆ ನಾಡುಕಾಡು ವುಡ್‌ಲ್ಯಾಂಡಿನ ಅನುವಾದ ಎಂದು ಬರೆಯಬೇಡಿ. ಅದು ಸೋಲಿಗರು ತಮ್ಮ ಬೆಟ್ಟದ ಒಂದು ಭಾಗಕ್ಕೆ ಇಟ್ಟ ಹೆಸರು. ನಮ್ಮ ತರಗತಿಯಲ್ಲಿ ಇಂತಹ ಪುಸ್ತಕ ಬಂದರೆ, ಪಾಠಕ್ಕೆ ಮೊದಲು ಮಕ್ಕಳಿಂದಲೇ ಅವರ ಹಾಡಿಯ ಸುತ್ತಲಿನ ಜಾಗಗಳ ಹೆಸರನ್ನು ಹೇಳಿಸಿ ಕಪ್ಪುಹಲಗೆಯ ಮೇಲೆ ಬರೆಸುತ್ತೇನೆ. ಒಂದು ಪುಟವನ್ನು ಅದಕ್ಕಾಗಿ ಖಾಲಿ ಬಿಡಲು ಪ್ರಕಾಶಕರು ಒಪ್ಪಿದರೆ ಒಳ್ಳೆಯದು.

ನಿವೃತ್ತ ಕಂದಾಯ ನೌಕರ, ಪುತ್ತೂರು

‘ಗ್ರೋವ್’ಗೆ ಎರಡೂ ಪದ ಬೇಕು. ಬಯಲುಸೀಮೆಯ ಹಳ್ಳಿಗಳ ಗುಂಡುತೋಪು ಊರಿನವರು ನೆಟ್ಟದ್ದು. ಮಾವು, ಹುಣಸೆ, ಹಿಪ್ಪೆ, ಹೊಂಗೆಗಳಿರುತ್ತವೆ, ಗಾಡಿ ನಿಲ್ಲಿಸಬಹುದು, ಸಂತೆ ಜಾತ್ರೆ ಮಾಡಬಹುದು, ಫಸಲನ್ನು ಹರಾಜು ಹಾಕಬಹುದು. ಬನ, ದೇವರಕಾಡುಗಳು ನೆಟ್ಟವಲ್ಲ, ಬಿಟ್ಟವು. ಅಲ್ಲಿ ಹರಾಜಿನ ಮಾತಿಲ್ಲ. ಮೂಲದಲ್ಲಿ ‘ಸೇಕ್ರೆಡ್’ ಎಂಬ ವಿಶೇಷಣ ಇದ್ದಲ್ಲಿ ಕರಾವಳಿಗೆ ಬನ, ಕೊಡಗಿಗೆ ದೇವರಕಾಡು ಎಂದು ಹಾಕಿ. ಹಣ್ಣಿನ ಮರಗಳ ಮಾತಿದ್ದಲ್ಲಿ ತೋಪು ಎಂದು ಹಾಕಿ. ಯಾವುದೂ ಸ್ಪಷ್ಟವಿಲ್ಲದ ವಾಕ್ಯವಾದರೆ ಮೂಲವನ್ನು ಇಲ್ಲಿ ಹಾಕಿ, ನೋಡೋಣ.